ಏಳು ವರ್ಷದಲ್ಲಿ ಮೂರು ಸಲ ಡಾಂಬರು, ಈಗ ಅಗಲ ಮಾಡುತ್ತಾರಂತೆ. ಬಾಳಿಕೆ ಬರುವ ರಸ್ತೆ ಅಂದರೆ ಯಾವುದು?

ಹುಣಸೆಹಾದಿ:

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು ಜಿಲ್ಲೆಯ ಒಂದು ಹೋಬಳಿ ಊರು. ಇಲ್ಲಿಂದ ತಾಲ್ಲೂಕು ಕೇಂದ್ರಕ್ಕೆ 9 ಕಿ.ಮೀ. ದಾರಿಯ ಎರಡೂ ಬದಿ ಹಳೇ ಹುಣಸೆ ಮರಗಳಿವೆ, ನಮ್ಮ ತಾತನ ಕಾಲಕ್ಕೇ ದೊಡ್ಡ ಮರಗಳಂತೆ ಅವು.

ಕಳೆದ 7 ವರ್ಷದಲ್ಲಿ ಈ ರಸ್ತೆಗೆ 3 ಸಲ ಡಾಂಬರು ಹಾಕಿದ್ದಾರೆ. ಪ್ರತಿ ಸಲವೂ ಅದೇ ಕಥೆ. ಮೊದಲ ವರ್ಷ ಕನ್ನಡಿ ಹಾಗೆ ಇರುತ್ತದೆ, ಎರಡನೇ ಮಳೆಗಾಲಕ್ಕೆ ಗುಂಡಿ ಬೀಳುತ್ತದೆ. ಈಗ ರಸ್ತೆ ಅಗಲ ಮಾಡುವ ಪ್ರಸ್ತಾವ ಬಂದಿದೆ, ಮರಗಳಿಗೆಲ್ಲ ಕೆಂಪು ಬಣ್ಣದಲ್ಲಿ ನಂಬರ್ ಬರೆದು ಹೋಗಿದ್ದಾರೆ. ಹೋದ ವಾರ ಗ್ರಾಮಸಭೆಯಲ್ಲಿ ಕೇಳಿದ್ದಕ್ಕೆ ‘ಈ ಸಲ ಸುಸ್ಥಿರ ರಸ್ತೆ ಮಾಡುತ್ತೇವೆ’ ಎಂದರು. ಸುಸ್ಥಿರ ಅಂದರೆ ಏನು ಸ್ವಾಮಿ ಎಂದರೆ ಯಾರೂ ಬಿಡಿಸಿ ಹೇಳಲಿಲ್ಲ.

ಇನ್ನೊಂದು ವಿಷಯ. ಬಸ್ ಸ್ಟಾಪ್ ಪಕ್ಕ ನಮ್ಮ ಅಜ್ಜಿಯ ಮನೆ ಇದೆ. ನಾನು ಚಿಕ್ಕವನಿದ್ದಾಗ ಜಗುಲಿಗೆ ಹತ್ತಲು 3 ಮೆಟ್ಟಿಲಿತ್ತು. ಈಗ 1 ಉಳಿದಿದೆ. ಮನೆ ಕುಸಿದಿಲ್ಲ, ರಸ್ತೆ ಮೇಲೆ ಬಂದಿದೆ. ಜೋರು ಮಳೆ ಬಂದರೆ ಅಜ್ಜಿ ಬಾಗಿಲಿಗೆ ಗೋಣಿಚೀಲ ಅಡ್ಡ ಇಟ್ಟುಕೊಂಡು ಕೂರಬೇಕು.

ನಾನು ಎಂಜಿನಿಯರ್ ಅಲ್ಲ, ಪಂಚಾಯಿತಿ ಸದಸ್ಯನೂ ಅಲ್ಲ. ಮುಂದಿನ ಸಭೆಯಲ್ಲಿ ಏನು ಕೇಳಬೇಕು, ಯಾವುದಕ್ಕೆ ಹಟ ಹಿಡಿಯಬೇಕು, ತಿಳಿದವರು ದಯವಿಟ್ಟು ಹೇಳಿ.

ಜಲ್ಲಿಕಲ್ಲು:

ಸರ್, ನಾನು 22 ವರ್ಷದಿಂದ ರಸ್ತೆ ಕೆಲಸದ ಸೈಟಿನಲ್ಲೇ ಇದ್ದೇನೆ. ನಿಮ್ಮ ಅಜ್ಜಿಯ ಮೆಟ್ಟಿಲಲ್ಲೇ ಅರ್ಧ ಉತ್ತರ ಇದೆ.

ಹಳೇ ಪದರ ಕೆರೆದು ತೆಗೆಯದೆ ಅದರ ಮೇಲೆ ಮತ್ತೆ ಮತ್ತೆ ಹಾಕುತ್ತಾ ಹೋದರೆ ರಸ್ತೆ ಏರುತ್ತದೆ. ಚರಂಡಿ ಮಾತ್ರ ಅಲ್ಲೇ ಇರುತ್ತದೆ, ಇಲ್ಲವೇ ಮಣ್ಣು ತುಂಬಿ ಮುಚ್ಚಿಹೋಗುತ್ತದೆ. ಆಗ ನೀರು ಮನೆಗೂ ನುಗ್ಗುತ್ತದೆ, ರಸ್ತೆಯ ಬುಡಕ್ಕೂ ಇಳಿಯುತ್ತದೆ. ಡಾಂಬರಿಗೆ ದೊಡ್ಡ ಶತ್ರು ಲಾರಿಯಲ್ಲ, ನಿಂತ ನೀರು. ಬಿರುಕಿನಲ್ಲಿ ನೀರು ಇಳಿದಿರುವಾಗ ಮೇಲೆ ಚಕ್ರ ಹಾದರೆ ಆ ನೀರು ಪಂಪಿನ ಹಾಗೆ ಒತ್ತಡಕ್ಕೆ ಸಿಕ್ಕಿ ಕೆಳಗಿನ ಸಣ್ಣ ಮಣ್ಣನ್ನೆಲ್ಲ ಎತ್ತಿಕೊಂಡು ಹೊರಗೆ ಚಿಮ್ಮುತ್ತದೆ, ಜಲ್ಲಿಗೆ ಅಂಟಿದ ಡಾಂಬರು ಬಿಡುತ್ತದೆ, ಒಂದು ಕಲ್ಲು ಎದ್ದರೆ ಪಕ್ಕದ ಕಲ್ಲಿಗೆ ಆಸರೆ ಇರುವುದಿಲ್ಲ. ಬೆಳಗ್ಗೆ ಅಂಗೈ ಅಗಲ ಇದ್ದದ್ದು ವಾರದಲ್ಲಿ ತಟ್ಟೆಯಷ್ಟಾಗುತ್ತದೆ.

ನೀವೇ ಮಾಡಬಹುದಾದ ಪರೀಕ್ಷೆ ಹೇಳುತ್ತೇನೆ. ಮಳೆ ಬರುವಾಗ ಛತ್ರಿ ಹಿಡಿದು ಆ 9 ಕಿ.ಮೀ. ನಡೆಯಿರಿ. ನಿಜವಾಗಿಯೂ ನಡೆಯಿರಿ, ಬೈಕಿನಲ್ಲಿ ಬೇಡ. ರಸ್ತೆಯ ನಡು ಎತ್ತರವಾಗಿ ಎರಡು ಬದಿಗೂ ಇಳಿಜಾರು ಇರಬೇಕು, ನಾವು ಕ್ಯಾಂಬರ್ ಅನ್ನುತ್ತೇವೆ. ಡಾಂಬರು ರಸ್ತೆಯಾದರೆ ಮೀಟರಿಗೆ 2ರಿಂದ 2.5 ಸೆಂ.ಮೀ. ಇಳಿಜಾರು ಸಾಕು. ನೀರು ಎಲ್ಲಿ ಬದಿಗೆ ಹರಿಯದೆ ನಿಲ್ಲುತ್ತದೆ, ಎಲ್ಲಿ ರಸ್ತೆಗಿಂತ ಬದಿಯ ಮಣ್ಣೇ ಎತ್ತರವಾಗಿದೆ, ರಸ್ತೆಯಡಿ ನೀರು ದಾಟುವ ಯಾವ ಮೋರಿ ಕಟ್ಟಿಕೊಂಡಿದೆ, ಬರೆದುಕೊಳ್ಳಿ.

ಮಳೆ ನಿಂತ ಮೇಲೆ ಬಿರುಕು ನೋಡಿ. ಮೊಸಳೆ ಚರ್ಮದ ಹಾಗೆ ಸಣ್ಣ ಸಣ್ಣ ಚೌಕವಾಗಿ ಒಡೆದಿದ್ದರೆ ಬುಡ ಸೋತಿದೆ ಎಂದು ಅರ್ಥ, ಅದರ ಮೇಲೆ ಎಷ್ಟು ಡಾಂಬರು ಸುರಿದರೂ ದುಡ್ಡು ದಂಡ. ಚಕ್ರ ಹೋಗುವ ಜಾಗ ಮಾತ್ರ ಹಳ್ಳವಾಗಿದ್ದರೆ ಭಾರ ಜಾಸ್ತಿ ಅಥವಾ ಪದರ ತೆಳು. ಮೇಲಿನ ಸಣ್ಣ ಜಲ್ಲಿ ಮಾತ್ರ ಉದುರುತ್ತಿದ್ದರೆ ಬುಡ ಗಟ್ಟಿ ಇರಬಹುದು, ಮೇಲ್ಪದರ ಸರಿ ಮಾಡಿದರೆ ಸಾಕು. ಇದನ್ನು ನೋಡದೆ ಎಸ್ಟಿಮೇಟ್ ಮಾಡುವುದು ನಾಡಿ ಹಿಡಿಯದೆ ಔಷಧಿ ಕೊಟ್ಟಂತೆ.

ನನ್ನ ಪ್ರಕಾರ ಬಾಳಿಕೆಯ ರಸ್ತೆಯ ಖರ್ಚು ಶುರುವಾಗಬೇಕಾದದ್ದು ಚರಂಡಿ ಮತ್ತು ಮೋರಿಯಿಂದ. ಆದರೆ ಎಸ್ಟಿಮೇಟಿನಲ್ಲಿ ಹಣ ಕಡಿಮೆಯಾದರೆ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ಇದು ನನಗೆ ನಿಜವಾಗಿ ಬೇಸರ ತರುವ ವಿಷಯ.

ಹತ್ತುಚಕ್ರ:

ಮೇಲಿನ ಅಣ್ಣ ಹೇಳಿದ್ದು ಸರಿ. ಆದರೆ ಲಾರಿಯನ್ನು ಅಷ್ಟು ಸುಲಭಕ್ಕೆ ಬಿಡಬೇಡಿ, ನಾನೇ ಲಾರಿಯವನು. ನಮ್ಮ ಮನೆಯಲ್ಲಿ 2 ಗಾಡಿ ಇವೆ.

ಆ ದಾರಿಯಲ್ಲಿ ಜಲ್ಲಿ ಕ್ರಷರ್ ಇದೆಯಾ? ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಟಿಪ್ಪರ್ ಓಡಾಡುತ್ತವೆಯಾ? ಇದ್ದರೆ ಅದನ್ನು ಮೊದಲು ಎಣಿಸಿ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ಬೇರೆ ಬೇರೆ ಭಾರದ ಲಾರಿಗಳನ್ನು ಎರಡು ವರ್ಷ ಸುಮ್ಮನೆ ಸುತ್ತಿಸಿ ರಸ್ತೆ ಹೇಗೆ ಹಾಳಾಗುತ್ತದೆ ಎಂದು ನೋಡಿದ್ದರು. ಅಲ್ಲಿ ಕಂಡ ಲೆಕ್ಕ ಏನೆಂದರೆ ಒಂದು ಆಕ್ಸಲ್ (ಎರಡು ಬದಿಯ ಚಕ್ರ ಕೂಡಿಸುವ ಅಡ್ಡ ದಂಡ) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಸುಮಾರು 16 ಪಟ್ಟು. ನೂರಕ್ಕೆ 20ರಷ್ಟು ಜಾಸ್ತಿ ತುಂಬಿದರೂ ಹಾನಿ ಎರಡು ಪಟ್ಟಾಗುತ್ತದೆ. ನಮ್ಮಲ್ಲಿ 2018ರಲ್ಲಿ ಕಾನೂನಿನ ಮಿತಿಯೇ ಏರಿತು, ನಾಲ್ಕು ಟೈರಿನ ಒಂದು ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಟನ್ ಆಯಿತು. ಅದೇ ಲೆಕ್ಕದಲ್ಲಿ ನೋಡಿ, ಹೆಚ್ಚಿದ್ದು 1.3 ಟನ್ನು, ಹಾನಿ ಮಾತ್ರ ಒಂದೂವರೆ ಪಟ್ಟಿಗಿಂತ ಮೇಲೆ. ಹಳೇ ರಸ್ತೆಗಳು ಆ ಭಾರಕ್ಕೆ ಕಟ್ಟಿದ್ದವಲ್ಲ.

ಇನ್ನು ಓವರ್‌ಲೋಡ್. 2019ರ ತಿದ್ದುಪಡಿಯಲ್ಲಿ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2,000 ಎಂದು ಬಂತು. ಆದರೂ ಯಾಕೆ ತುಂಬುತ್ತಾರೆ? ಬಾಡಿಗೆ ಟನ್ ಲೆಕ್ಕದಲ್ಲಿ ಕೊಡುತ್ತಾರೆ. ಡೀಸೆಲ್, ಇಎಂಐ, ಟೈರು ಎಲ್ಲ ಕಳೆದರೆ ಕಾನೂನು ಪ್ರಕಾರ ತುಂಬಿದ ಟ್ರಿಪ್ಪಿನಲ್ಲಿ ಡ್ರೈವರ್ ಕೈಗೆ ಉಳಿಯುವುದು ಬಹಳ ಕಡಿಮೆ. ತುಂಬುವ ಜಾಗದಲ್ಲೇ ತೂಕ ಹಾಕಿ ತಡೆದರೆ ಎಲ್ಲರಿಗೂ ಒಂದೇ ನಿಯಮ ಆಗುತ್ತದೆ, ಬಾಡಿಗೆಯೂ ತಾನಾಗಿ ಸರಿಹೋಗುತ್ತದೆ. ದಾರಿಯಲ್ಲಿ ಒಬ್ಬನನ್ನು ಹಿಡಿದು ಒಬ್ಬನನ್ನು ಬಿಟ್ಟರೆ ನಿಯಮ ಪಾಲಿಸಿದವನೇ ಕೆಡುತ್ತಾನೆ. ನಾನು ಪಾಲಿಸಿ ನಷ್ಟ ಮಾಡಿಕೊಂಡವನು, ಅದಕ್ಕೇ ಹೇಳುತ್ತಿದ್ದೇನೆ.

ಹುಣಸೆಹಾದಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಮಳೆ ಬಂತು, ನಡೆದೆ. ಪೂರ್ತಿ ಆಗಲಿಲ್ಲ, 4 ಕಿ.ಮೀ. ಆಯಿತು.

ಆ 4 ಕಿ.ಮೀ.ನಲ್ಲಿ 5 ಮೋರಿ ಇವೆ, 3 ಕಟ್ಟಿಕೊಂಡಿವೆ. ಒಂದರ ಬಾಯಿಗೆ ತೆಂಗಿನ ಗರಿ, ಹಳೇ ಡ್ರಿಪ್ ಪೈಪು, ಪ್ಲಾಸ್ಟಿಕ್ ಕವರ್ ಎಲ್ಲ ಸೇರಿ ಗೋಡೆಯೇ ಆಗಿಬಿಟ್ಟಿದೆ. ಅದರ ಮೇಲ್ಭಾಗದಲ್ಲಿ ರಸ್ತೆ ಮೇಲೆ ಪಾದ ಮುಳುಗುವಷ್ಟು ನೀರು ನಿಂತಿತ್ತು, ಸರಿಯಾಗಿ ಅಲ್ಲೇ ನೀವು ಹೇಳಿದ ಮೊಸಳೆ ಚರ್ಮ. ಇಷ್ಟು ವರ್ಷ ಅದರ ಮೇಲೆ ಓಡಾಡಿದ್ದೇನೆ, ಒಂದು ದಿನವೂ ಹೀಗೆ ನೋಡಿರಲಿಲ್ಲ.

ಕ್ರಷರ್ ಇದೆ ಅಣ್ಣ, 6ನೇ ಕಿ.ಮೀ. ಹತ್ತಿರ. ಟಿಪ್ಪರ್‌ಗಳು ತುಂಬಿಕೊಂಡು ತಾಲ್ಲೂಕಿನ ಕಡೆ ಹೋಗುತ್ತವೆ, ಖಾಲಿಯಾಗಿ ವಾಪಸ್ ಬರುತ್ತವೆ. ಈಗ ಯೋಚಿಸಿದರೆ ಹೋಗುವ ಬದಿಯೇ ಜಾಸ್ತಿ ಹಾಳಾಗಿದೆ.

ನೀಲಿಬಾನು:

ಪ್ಲಾಸ್ಟಿಕ್ ರಸ್ತೆ ಕೇಳಿ ಸರ್! ಬೆಂಗಳೂರಿನಲ್ಲಿ 2002ರ ಹೊತ್ತಿಗೇ ಮಾಡಿದ್ದರಲ್ವಾ. ಕಸವೂ ಕರಗುತ್ತದೆ, ರಸ್ತೆಯೂ ಗಟ್ಟಿಯಾಗುತ್ತದೆ.

ಜಲ್ಲಿಕಲ್ಲು:

ಪ್ಲಾಸ್ಟಿಕ್ ಬೆರೆಸುವುದು ಒಳ್ಳೆಯದೇ ಮೇಡಂ. ಮಧುರೈನ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರ್ ವಾಸುದೇವನ್ ಅವರ ವಿಧಾನದಲ್ಲಿ ಕವರ್, ಪೊಟ್ಟಣಗಳನ್ನು ಚೂರು ಮಾಡಿ ಬಿಸಿ ಜಲ್ಲಿಯ ಮೇಲೆ ಉದುರಿಸುತ್ತಾರೆ. ಅದು ಕರಗಿ ಕಲ್ಲಿಗೆ ತೆಳುವಾಗಿ ಸುತ್ತಿಕೊಳ್ಳುತ್ತದೆ, ಆಮೇಲೆ ಡಾಂಬರು ಸೇರಿಸುತ್ತಾರೆ. ಕಲ್ಲಿಗೂ ಡಾಂಬರಿಗೂ ಹಿಡಿತ ಜಾಸ್ತಿ, ನೀರಿಗೆ ಬೇಗ ಬಿಡುವುದಿಲ್ಲ. 2015ರಲ್ಲಿ ಕೇಂದ್ರ ಸರ್ಕಾರ ದೊಡ್ಡ ಊರುಗಳ ಸುತ್ತಮುತ್ತ ಇದನ್ನು ಕಡ್ಡಾಯವೂ ಮಾಡಿತು. ಒಂದು ಲೇನಿನ ಒಂದು ಕಿ.ಮೀ. ರಸ್ತೆಗೆ ಸುಮಾರು ಒಂದು ಟನ್ ಪ್ಲಾಸ್ಟಿಕ್ ಹಿಡಿಯುತ್ತದೆ.

ಆದರೆ ಇದು ಮೇಲ್ಪದರದ ಮಾತು. ಮೋರಿ ಕಟ್ಟಿಕೊಂಡಿದ್ದರೆ, ಬುಡ ಕೊಳೆತಿದ್ದರೆ, ಪ್ಲಾಸ್ಟಿಕ್ ಹಾಕಿದರೂ ಮೊಸಳೆ ಚರ್ಮವೇ. ಹಳೇ ಡಾಂಬರನ್ನು ಕೆರೆದು ತೆಗೆದು ಮತ್ತೆ ಬಳಸುವ ವಿಧಾನವೂ ಇದೆ. ನಿಮ್ಮ ಊರಿನವರು ಕೇಳಬೇಕಾದದ್ದು ಅದನ್ನು. ಹೊಸ ಜಲ್ಲಿ, ಹೊಸ ಡಾಂಬರು ಎರಡೂ ಉಳಿಯುತ್ತವೆ, ರಸ್ತೆ ಎತ್ತರವೂ ಏರುವುದಿಲ್ಲ. ಅಜ್ಜಿಯ ಉಳಿದ ಒಂದು ಮೆಟ್ಟಿಲು ಹಾಗೇ ಇರಲಿ.

ಊರೊಳಗೆ ಚರಂಡಿ ನೀರು ಹರಿಯುವ ಕಡೆ ಡಾಂಬರು ನಿಲ್ಲುವುದೇ ಇಲ್ಲ, ಅಲ್ಲಿ ಮಾತ್ರ ಕಾಂಕ್ರೀಟ್ ಕೇಳಿ. 9 ಕಿ.ಮೀ. ಪೂರ್ತಿ ಕಾಂಕ್ರೀಟ್ ಬೇಡ. ಒಂದು ಟನ್ ಸಿಮೆಂಟ್ ತಯಾರಾಗುವಾಗ ಅರ್ಧ ಟನ್ನಿಗಿಂತ ಜಾಸ್ತಿ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಎಲ್ಲಿ ಬೇಕೋ ಅಲ್ಲಿ ಬಳಸಿದರೆ ಸರಿ.

ಚಿಗರಿ_ಪಯಣ:

ಹುಬ್ಬಳ್ಳಿಯಿಂದ ನಮಸ್ಕಾರ. ಎಲ್ಲರೂ ರಸ್ತೆ ಹೇಗೆ ಕಟ್ಟಬೇಕು ಎಂದು ಹೇಳುತ್ತಿದ್ದೀರಿ. ನನ್ನ ಪ್ರಶ್ನೆ ಬೇರೆ. ಅಗಲ ಮಾಡಬೇಕು ಎಂದು ಯಾರು, ಯಾವ ಲೆಕ್ಕದ ಮೇಲೆ ಹೇಳಿದರು? ಆ ರಸ್ತೆಯಲ್ಲಿ ಎಷ್ಟು ವಾಹನ ಹೋಗುತ್ತವೆ ಎಂದು ಎಣಿಸಿರಬಹುದು. ಎಷ್ಟು ಜನ ಹೋಗುತ್ತಾರೆ ಎಂದು ಎಣಿಸಿದ್ದಾರಾ?

ನಮ್ಮಲ್ಲಿ ಹುಬ್ಬಳ್ಳಿ-ಧಾರವಾಡ ನಡುವೆ ಸುಮಾರು 22 ಕಿ.ಮೀ. ಬಿಆರ್‌ಟಿಎಸ್ ಇದೆ, 2018ರ ಅಕ್ಟೋಬರ್‌ನಲ್ಲಿ ಚಿಗರಿ ಬಸ್ ಓಡಲು ಶುರುವಾಯಿತು. ರಸ್ತೆಯ ನಡುವೆ ಬಸ್ಸಿಗೇ ಬೇರೆ ದಾರಿ, ನಿಲ್ದಾಣದಲ್ಲೇ ಟಿಕೆಟ್, ಪ್ಲಾಟ್‌ಫಾರ್ಮ್ ಮಟ್ಟಕ್ಕೇ ಬಸ್ಸಿನ ಬಾಗಿಲು. ಮಂಡಿನೋವಿರುವ ನಮ್ಮ ಅವ್ವ ಯಾರ ಕೈಯನ್ನೂ ಹಿಡಿಯದೆ ಬಸ್ ಹತ್ತಿದ ಮೊದಲ ದಿನ ನನಗೆ ಇನ್ನೂ ನೆನಪಿದೆ. ಊರಿನಲ್ಲಿ ಇದರ ಬಗ್ಗೆ ಜಗಳ ಕಡಿಮೆ ಏನಿಲ್ಲ. ಉಳಿದ ವಾಹನಗಳಿಗೆ ಜಾಗ ಇಕ್ಕಟ್ಟಾಯಿತು, ಮರ ಹೋದವು, ಅಂಗಡಿಗಳು ಹೋದವು. ಅವರ ಸಿಟ್ಟಿನಲ್ಲಿ ನ್ಯಾಯ ಇದೆ. ಆದರೂ ರಸ್ತೆಯಲ್ಲಿ ಮೊದಲ ಹಕ್ಕು 50 ಜನರನ್ನು ಹೊತ್ತ ಬಸ್ಸಿಗೆ ಎಂಬ ಆಲೋಚನೆ ಸರಿ ಎಂದೇ ನಾನು ನಂಬುತ್ತೇನೆ.

ನಿಮ್ಮ ಊರಿಗೆ ಬಿಆರ್‌ಟಿಎಸ್ ಬೇಕಿಲ್ಲ. ಆದರೆ ಬೆಳಗ್ಗೆ ಕಾಲೇಜಿನ ಹೊತ್ತಿಗೆ ಎಷ್ಟು ಬಸ್ ಇವೆ? 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಜಾಸ್ತಿ ಓಡಾಡುತ್ತಿದ್ದಾರೆ, ಬಹಳ ಒಳ್ಳೆಯದಾಯಿತು, ಆದರೆ ಟ್ರಿಪ್ ಅಷ್ಟೇ ಇದ್ದರೆ ಹುಡುಗರು ಬಾಗಿಲಲ್ಲಿ ನೇತಾಡುತ್ತಾರೆ. ಆಮೇಲೆ ಮನೆಯವರು ಸಾಲ ಮಾಡಿ ಬೈಕ್ ಕೊಡಿಸುತ್ತಾರೆ. ಬೈಕು ಹೆಚ್ಚಾದವು ಎಂದು ರಸ್ತೆ ಅಗಲ ಮಾಡುತ್ತಾರೆ. ಅಗಲವಾದ ರಸ್ತೆಯಲ್ಲಿ ಸ್ಪೀಡ್ ಜಾಸ್ತಿ ಆಗಿ ಶಾಲೆ ಮುಂದೆ ಮಕ್ಕಳು ದಾಟುವುದಕ್ಕೆ ಆಗುವುದಿಲ್ಲ. ಎರಡು ಟ್ರಿಪ್ ಹೆಚ್ಚಿಸಿದರೆ ಮುಗಿಯುತ್ತಿದ್ದ ಕೆಲಸಕ್ಕೆ ಅಷ್ಟೊಂದು ಮರ ಕಡಿಯಬೇಕಾ?

ಹತ್ತುಚಕ್ರ:

ಅಕ್ಕ, ಒಂದು ಮಾತು. ಎದುರು ಬದುರು ಬಸ್ಸು-ಟಿಪ್ಪರ್ ಬಂದಾಗ ಒಬ್ಬರು ಮಣ್ಣಿಗೆ ಇಳಿಯಲೇಬೇಕಾದ ರಸ್ತೆಯಾದರೆ ಅಗಲ ಬೇಕು. ಡಾಂಬರಿನ ಅಂಚಿಗೂ ಮಣ್ಣಿಗೂ ಅರ್ಧ ಅಡಿ ಇಳಿತ ಇರುವ ಕಡೆ ಬೈಕಿನವರು ಬೀಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬದಿಗೆ ಗರಸು ಹಾಕಿ ರೋಲರ್ ಹೊಡೆದು ಸಮ ಮಾಡಿದರೂ ಎಷ್ಟೋ ಕಡೆ ಸಾಕಾಗುತ್ತದೆ. ಅದನ್ನೂ ಮಾಡದೆ ಬಿಡಬೇಡಿ.

ಚಿಗರಿ_ಪಯಣ:

ಒಪ್ಪಿದೆ ಅಣ್ಣ. ಅಗಲವೇ ಬೇಡ ಎನ್ನುತ್ತಿಲ್ಲ. ಎಲ್ಲಿ ಬೇಕು ಎಂದು ನೋಡಿ ಮಾಡಲಿ. ತಿರುವಿನಲ್ಲಿ, ಬಸ್ ನಿಲ್ಲುವ ಕಡೆ, ಟಿಪ್ಪರ್ ಹೊರಗೆ ಬರುವ ಕಡೆ.

ಪಾದಚಾರಿ_ಬೆಂಗಳೂರು:

ಬೆಂಗಳೂರಿನಿಂದ ನನ್ನದೊಂದು ಸೇರಿಸುತ್ತೇನೆ. ಹೊಸ ರಸ್ತೆ ಹಾಕಿದ ಮೇಲೆ ಅಗೆಯುವುದು ಇಲ್ಲಿ ನಾವು ದಿನಾ ನೋಡುವ ಸಂಕಟ. ಒಮ್ಮೆ ನೀರಿನ ಪೈಪು, ಒಮ್ಮೆ ಕೇಬಲ್, ಒಮ್ಮೆ ಒಳಚರಂಡಿ. ಅಗೆದು ಮುಚ್ಚಿದ ಜಾಗ ಎಂದೂ ಮೊದಲಿನ ಹಾಗೆ ಆಗುವುದಿಲ್ಲ. ಟೆಂಡರ್‌ಶ್ಯೂರ್ ಎಂಬ ಯೋಜನೆಯ ರಸ್ತೆಗಳಲ್ಲಿ ಮಾತ್ರ ಬೇರೆ ದಾರಿ ಹಿಡಿದರು. ಮೊದಲು ನೆಲದಡಿ ಪೈಪು, ಕೇಬಲ್‌ಗೆಲ್ಲ ಜಾಗ ಮಾಡಿ, ಅಲ್ಲಲ್ಲಿ ಇಳಿದು ರಿಪೇರಿ ಮಾಡಲು ಬಾಯಿ ಬಿಟ್ಟು, ಆಮೇಲೆ ಅಗಲವಾದ ಫುಟ್‌ಪಾತ್ ಹಾಸಿ, ಉಳಿದದ್ದನ್ನು ವಾಹನಕ್ಕೆ ಕೊಟ್ಟರು. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ ಕಡೆ ಬಂದರೆ ನೋಡಿ. ಖರ್ಚು ಜಾಸ್ತಿ ಎಂದು ಬಹಳ ಟೀಕೆ ಬಂತು. ಆದರೆ ಆ ಫುಟ್‌ಪಾತ್ ಮೇಲೆ ವಯಸ್ಸಾದವರು ನೆಲ ನೋಡದೆ, ತಲೆ ಎತ್ತಿಕೊಂಡು ನಡೆಯುತ್ತಾರೆ. ಈ ಊರಿನಲ್ಲಿ ಅದು ಸಣ್ಣ ವಿಷಯವಲ್ಲ.

ಹಳ್ಳಿಯಲ್ಲೂ ಈಗ ಇದೇ ಕಷ್ಟ ಅಲ್ವಾ. 2019ರಲ್ಲಿ ಜಲ ಜೀವನ್ ಮಿಷನ್ ಬಂದ ಮೇಲೆ ಮನೆಮನೆಗೆ ನಲ್ಲಿ ಕೊಡಲು ರಸ್ತೆಗೆ ಅಡ್ಡ ಕಾಲುವೆ ತೋಡುತ್ತಾರೆ. ನೀರು ಬೇಕೇ ಬೇಕು, ಆದರೆ ಯಾವುದು ಮೊದಲು ಎಂಬ ಲೆಕ್ಕ ಇರಬೇಕು. ನಿಮ್ಮ ಊರಿನಲ್ಲಿ ಪೈಪಿನ ಕೆಲಸ ಪೂರ್ತಿ ಆಗಿದೆಯಾ ಎಂದು ಕೇಳಿ. ಆಗಿಲ್ಲದಿದ್ದರೆ ಮುಂದೆ ಬೇಕಾಗುವ ಕಡೆ ರಸ್ತೆಯಡಿ ಈಗಲೇ ದಪ್ಪ ಪೈಪು ಅಡ್ಡ ಹೂತುಬಿಡಲಿ. ನಾಳೆ ಏನು ಹಾಯಿಸಬೇಕಾದರೂ ಅದರೊಳಗೆ ಹಾಯಿಸಬಹುದು.

ಅಗಲ ಮಾಡಿದರೆ ಟ್ರಾಫಿಕ್ ಮುಗಿಯುತ್ತದೆ ಎಂಬ ಮಾತನ್ನೂ ನಂಬಬೇಡಿ. ಹೆಬ್ಬಾಳ ಫ್ಲೈಓವರ್ 2003ರಲ್ಲಿ ಬಂತು, ಆಮೇಲೂ ಅಲ್ಲಿ ವಾಹನ ನಿಲ್ಲುವುದು ತಪ್ಪಲಿಲ್ಲ, ಕೊನೆಗೆ ಅದಕ್ಕೇ ಹೊಸ ರ‍್ಯಾಂಪ್ ಕಟ್ಟಬೇಕಾಯಿತು.

ಆಲದನೆರಳು:

ಹುಣಸೆ ಮರಗಳ ಬಗ್ಗೆ ಯಾರೂ ಸರಿಯಾಗಿ ಮಾತಾಡಲಿಲ್ಲ. ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಹುಲಿಕಲ್-ಕುದೂರು ರಸ್ತೆಯಲ್ಲಿ 385 ಆಲದ ಮರ ಬೆಳೆಸಿದ್ದು ಎಲ್ಲರಿಗೂ ಗೊತ್ತು. ಅದೇ ಮರಗಳಿಗೆ 2019ರಲ್ಲಿ ಬಾಗೇಪಲ್ಲಿ-ಹಲಗೂರು ರಸ್ತೆ ಅಗಲ ಮಾಡುವಾಗ ಕೊಡಲಿ ಬೀಳುವ ಹಾಗಿತ್ತು. ತಿಮ್ಮಕ್ಕ ಮುಖ್ಯಮಂತ್ರಿಯವರಿಗೇ ಮನವಿ ಮಾಡಿದ ಮೇಲೆ ಮರ ಉಳಿಸಿಕೊಂಡು ಮಾಡುತ್ತೇವೆ ಎಂದು ಸರ್ಕಾರ ಭರವಸೆ ಕೊಟ್ಟಿತು. ಅಂದರೆ ಮನಸ್ಸಿದ್ದರೆ ದಾರಿ ಇದೆ ಎಂದಾಯಿತಲ್ಲ.

ರಸ್ತೆ ಬದಿಯ ಮರ ಕಡಿಯಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ನಂಬರ್ ಬರೆದ ಮಾತ್ರಕ್ಕೆ ಅನುಮತಿ ಸಿಕ್ಕಿದೆ ಎಂದು ಅರ್ಥವಲ್ಲ. ಸಿಕ್ಕಿದೆಯಾ ಎಂದು ಲಿಖಿತವಾಗಿ ಕೇಳಿ, ತಕರಾರು ಬರೆದು ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಮರದ ಸಾಲು ಒಂದು ಬದಿಗೆ ಉಳಿಯುವ ಹಾಗೆ ಇನ್ನೊಂದು ಬದಿಗೆ ಮಾತ್ರ ಅಗಲ ಮಾಡಬಹುದು. ಜಾಗ ಇದ್ದರೆ ಮರದ ಆಚೆ ಬದಿಗೆ ಇನ್ನೊಂದು ದಾರಿ ಮಾಡಿ, ಮರದ ಸಾಲನ್ನೇ ನಡುವೆ ಬಿಡಬಹುದು. ಹುಣಸೆ ಹರಾಜಿನಿಂದ ನಿಮ್ಮ ಪಂಚಾಯಿತಿಗೆ ವರ್ಷಕ್ಕೆ ಎಷ್ಟು ಬರುತ್ತದೆ, ಅದನ್ನೂ ತೆಗೆಸಿ. ಮರದ ಬೆಲೆ ಎಂದರೆ ಬರೀ ಸೌದೆಯ ಬೆಲೆ ಬರೆಯುತ್ತಾರೆ. ಮೇ ತಿಂಗಳ ಮಧ್ಯಾಹ್ನ ಆ ನೆರಳಿನಲ್ಲಿ ನಡೆದು ಶಾಲೆಯಿಂದ ಮನೆಗೆ ಹೋಗುವ ಮಗುವಿಗೆ ಅದರ ಬೆಲೆ ಬೇರೆ.

ಜಲ್ಲಿಕಲ್ಲು:

ಮರದ ವಿಷಯದಲ್ಲಿ ನಮ್ಮ ಕಡೆಯ ಮಾತನ್ನೂ ಹೇಳಿಬಿಡುತ್ತೇನೆ. ಮರದಿಂದ ತೊಟ್ಟಿಕ್ಕುವ ನೀರು ಡಾಂಬರಿಗೆ ಆಗುವುದಿಲ್ಲ ಎಂದು ಎಂಜಿನಿಯರ್‌ಗಳು ಹೇಳುತ್ತಾರೆ, ಅದು ಸುಳ್ಳಲ್ಲ. ಆದರೆ ನೆರಳಿನಿಂದ ಬಿಸಿಲಿಗೆ ಡಾಂಬರು ಒಣಗಿ ಪೆಡಸಾಗುವುದು ಕಡಿಮೆಯಾಗುತ್ತದೆ, ಅದೂ ನಿಜ. ಕ್ಯಾಂಬರ್ ಸರಿ ಇದ್ದು ಚರಂಡಿ ಓಡುತ್ತಿದ್ದರೆ ತೊಟ್ಟಿಕ್ಕುವ ನೀರು ದೊಡ್ಡ ತೊಂದರೆಯಲ್ಲ. ಸುಮ್ಮನೆ ಮರದ ಮೇಲೆ ತಪ್ಪು ಹಾಕಬೇಡಿ.

ಇನ್ನೊಂದು ಬಹಳ ಮುಖ್ಯ. ಹಳೇ ಕೆಲಸದ ಎಸ್ಟಿಮೇಟ್, ಎಂ-ಬುಕ್ (ಆದ ಕೆಲಸದ ಅಳತೆ ಬರೆಯುವ ಪುಸ್ತಕ), ಗುತ್ತಿಗೆದಾರರ ನಿರ್ವಹಣೆಯ ಅವಧಿ ಎಲ್ಲಿಯವರೆಗೆ ಎಂಬ ದಾಖಲೆ, ಮೂರನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಿ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಲ್ಲಿ 5 ವರ್ಷ ಗುತ್ತಿಗೆದಾರರೇ ನೋಡಿಕೊಳ್ಳಬೇಕು, ಬೋರ್ಡಿನ ಮೇಲೂ ಬರೆದಿರುತ್ತದೆ. ನಿಮ್ಮದು ಯಾವ ಯೋಜನೆಯದು ಎಂದು ಮೊದಲು ತಿಳಿಯಿರಿ. ಅವಧಿ ಮುಗಿಯುವ ಮೊದಲೇ ಹಾಳಾಗಿದ್ದರೆ ಹೊಸ ಟೆಂಡರ್ ಯಾಕೆ ಬೇಕು?

ಹುಣಸೆಹಾದಿ:

ಇಷ್ಟು ಜನ ಇಷ್ಟು ಪ್ರೀತಿಯಿಂದ ಬರೆದಿದ್ದೀರಿ, ಮನಸ್ಸು ತುಂಬಿ ಬಂತು.

ಉಳಿದ 5 ಕಿ.ಮೀ. ಭಾನುವಾರ ನಡೆದೆವು. ಈ ಸಲ ನಾನೊಬ್ಬನೇ ಅಲ್ಲ, ಹೈಸ್ಕೂಲಿನ ಮೇಷ್ಟ್ರು, ಹಾಲಿನ ಡೇರಿಯ ಇಬ್ಬರು, ಪಿಯುಸಿ ಓದುವ ನಾಲ್ಕು ಹುಡುಗಿಯರು ಬಂದರು. ಹುಡುಗಿಯರು ಮೋರಿಗಳ ಫೋಟೋ ತೆಗೆದು ಮ್ಯಾಪಿನಲ್ಲಿ ಗುರುತು ಹಾಕಿದ್ದಾರೆ. ಒಟ್ಟು 11 ಮೋರಿ, 7 ಕಟ್ಟಿಕೊಂಡಿವೆ. ಬೆಳಗ್ಗೆ 7ರಿಂದ 10ರವರೆಗೆ ಬಸ್ಸಿನಲ್ಲಿ, ಬೈಕಿನಲ್ಲಿ, ನಡೆದು ಹೋಗುವವರನ್ನು ಸೋಮವಾರ ಎಣಿಸುತ್ತೇವೆ, ಟಿಪ್ಪರ್‌ಗಳನ್ನೂ ಸೇರಿಸಿ. ಪೈಪಿನ ಕೆಲಸ ನಮ್ಮಲ್ಲಿ ಅರ್ಧ ಆಗಿದೆ, ಅದನ್ನು ಮುಗಿಸಿ ಆಮೇಲೆ ರಸ್ತೆ ಎಂದು ಅರ್ಜಿಯಲ್ಲಿ ಮೊದಲ ಸಾಲೇ ಬರೆಯುತ್ತಿದ್ದೇವೆ.

ಜಲ್ಲಿಕಲ್ಲು ಸರ್, ಅರ್ಜಿ ಬರೆದ ಮೇಲೆ ಇಲ್ಲಿ ಹಾಕುತ್ತೇನೆ, ತಾಂತ್ರಿಕವಾಗಿ ತಪ್ಪಿದ್ದರೆ ತಿದ್ದಿಕೊಡಿ. ಗ್ರಾಮಸಭೆ ಮುಂದಿನ ತಿಂಗಳಿದೆ.

ಜಲ್ಲಿಕಲ್ಲು:

ಖಂಡಿತ ಹಾಕಿ. ಮೋರಿಗಳ ಮ್ಯಾಪೂ ಹಾಕಿ. ಮಳೆಗಾಲ ಇನ್ನೂ ಮುಗಿದಿಲ್ಲ, ಕಟ್ಟಿಕೊಂಡಿರುವ ಆ 7 ಮೋರಿಗಳನ್ನು ಬಿಡಿಸಲು ಟೆಂಡರ್ ತನಕ ಕಾಯಬೇಡಿ, ಉದ್ಯೋಗ ಖಾತ್ರಿಯಲ್ಲಿ ಆಗುತ್ತದಾ ಎಂದು ಪಿಡಿಒ ಅವರನ್ನು ನಾಳೆಯೇ ಕೇಳಿ.